ಸೂಸೈ ಕೇಳಿದ ಗೂಡಂಗಡಿ ಮತ್ತು ಚರ್ಚಿನ ರಾಜಕೀಯ

‘ಚರ್ಚಿಗೂ ರಾಜಕೀಯಕ್ಕೂ ಎಲ್ಲಿಯ ಸಂಬಂಧ?’ ಅಂತ ಪಾದ್ರಿಗಳು ಹೇಳುತ್ತಾರೆ. ‘ಪರದೇಶದ ಧರ್ಮದವರಿಗೆ ಇಲ್ಲಿಯ ರಾಜಕೀಯ ಯಾಕೆ?’ ಅಂತ ಕೋಮುವಾದಿಗಳು ಕೇಳುತ್ತಾರೆ. ಒಬ್ಬರಿಗೊಬ್ಬರು ಆಗದವರು ಇವರು. ಆದರೆ ಇಬ್ಬರ ಮಾತಿನಿಂದಲೂ ಬಾಯಿ ಮುಚ್ಚಿಕೊಳ್ಳಬೇಕಾದವನು ಒಬ್ಬನೇ: ಕೇರಿಯ ಕ್ರೈಸ್ತ. ಅವನನ್ನು ಮುಂದಿಟ್ಟುಕೊಂಡೇ ಈ ಪ್ರಶ್ನೆಯನ್ನು ನಾವು ಕೇಳಬೇಕಾಗಿದೆ.

ಮದರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಹುಟ್ಟಿನಿಂದ ಆದಿದ್ರಾವಿಡ, ನಂಬಿಕೆಯಿಂದ ಕ್ರೈಸ್ತ. ಪರಿಶಿಷ್ಟ ಜಾತಿಯ ಚಪ್ಪಲಿ ಹೊಲಿಯುವವರಿಗೆ ಸರ್ಕಾರ ಬಿಟ್ಟಿಯಾಗಿ ಗೂಡಂಗಡಿ ಕೊಟ್ಟಾಗ ಅವರಿಗೆ ಸಿಗಲಿಲ್ಲ. ಪಕ್ಕದಲ್ಲೇ ಕೂತು ಅದೇ ಅಟ್ಟೆಗೆ ಅದೇ ಮೊಳೆ ಹೊಡೆಯುವವನಿಗೆ ನೆರಳು, ಇವರಿಗೆ ಬಿಸಿಲು! ಕಾರಣ, 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶ. ಹಿಂದೂಗಳಲ್ಲದವರು ಪರಿಶಿಷ್ಟರಾಗಲಾರರು ಅನ್ನುವುದು ಅದರ ಮೂರನೆಯ ಪ್ಯಾರಾ. ಅದು 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತರಿಗೂ ಮುಸ್ಲಿಮರಿಗೂ ತೆರೆಯಲಿಲ್ಲ.

ಸೂಸೈ ಸುಪ್ರೀಂ ಕೋರ್ಟಿಗೆ ಹೋದರು. 1985ರಲ್ಲಿ ಸೋತರು. ಕೋರ್ಟು ಹೇಳಿದ್ದನ್ನು ನಾವು ಗಮನವಿಟ್ಟು ಓದಬೇಕು. ಮತಾಂತರದ ಮೇಲೂ ಜಾತಿ ಉಳಿಯುತ್ತದೆ ಅಂದರೆ ಸಾಲದು; ಹಿಂದೂ ಸಮಾಜದಲ್ಲಿದ್ದ ಕಷ್ಟ ಅವಮಾನಗಳು ಕ್ರೈಸ್ತ ಸಮಾಜದಲ್ಲೂ ಅಷ್ಟೇ ಕಠೋರವಾಗಿವೆ ಎಂದು ತೋರಿಸಬೇಕು; ಅಂಥ ವಿವರವಾದ ಪುರಾವೆ ನಮ್ಮ ಮುಂದಿಲ್ಲ ಎಂದಿತು.

ಆ ಪುರಾವೆ ಯಾರ ಹತ್ತಿರ ಇತ್ತು? ಚಪ್ಪಲಿ ಹೊಲಿಯುವವರು ಎಲ್ಲಿಂದ ತರಬೇಕಿತ್ತು? ಪುರಾವೆ ಚರ್ಚಿನ ಅಂಗಳದಲ್ಲೇ ಬಿದ್ದಿತ್ತು. ತಿರುಚಿರಾಪಳ್ಳಿಯ ಮೇಲಪುದೂರಿನ ಕ್ಯಾಥೊಲಿಕ್ ಸ್ಮಶಾನದಲ್ಲಿ ದಲಿತರ ಹೆಣವನ್ನೂ ಮೇಲುಜಾತಿಯವರ ಹೆಣವನ್ನೂ ಬೇರೆ ಮಾಡಲು ಗೋಡೆ ಎದ್ದಿತ್ತು. ವಿಲ್ಲುಪುರಂ ಕಡೆಯ ಎರೈಯೂರಿನಲ್ಲಿ ದಲಿತ ಕ್ರೈಸ್ತರು ಅವಮಾನ ತಾಳಲಾರದೆ ತಮಗೆ ಬೇರೆ ಚರ್ಚು ಬೇಕೆಂದಾಗ, 2008ರ ಮಾರ್ಚಿನಲ್ಲಿ ಮೇಲುಜಾತಿ ಕ್ರೈಸ್ತರೇ ಅವರ ಮೇಲೆ ಬಿದ್ದರು. ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಒಂದೇ ಶಿಲುಬೆ, ಒಂದೇ ಪ್ರಾರ್ಥನೆ, ಆದರೆ ಗುಣಿ ಮಾತ್ರ ಬೇರೆ ಬೇರೆ.

ಇದನ್ನೆಲ್ಲ ಬಾಬಾಸಾಹೇಬರು ಎಂದೋ ಕಂಡಿದ್ದರು. ಮತಾಂತರಗೊಂಡವರ ಸ್ಥಿತಿಯ ಬಗ್ಗೆ ಅವರು ಬರೆದ ಲೇಖನ ಅವರ ಬದುಕಿನಲ್ಲಿ ಅಚ್ಚಾಗಲಿಲ್ಲ. ಮಹಾರಾಷ್ಟ್ರ ಸರ್ಕಾರದ ಬರಹಗಳ ಐದನೆಯ ಸಂಪುಟದಲ್ಲಿ 1989ರಲ್ಲಿ ಬಂತು. ಕ್ರೈಸ್ತ ಸಮುದಾಯ ಒಂದು ಸಮುದಾಯವಾಗಿ ಅನ್ಯಾಯದ ವಿರುದ್ಧ ಯಾಕೆ ಎದ್ದು ನಿಲ್ಲಲಿಲ್ಲ ಅನ್ನುವುದೇ ಅಲ್ಲಿಯ ಪ್ರಶ್ನೆ. ಅವರು ಕೊಡುವ ಕಾರಣಗಳಲ್ಲಿ ಎರಡನ್ನು ಇಲ್ಲಿ ಎತ್ತಿಕೊಳ್ಳುತ್ತೇವೆ. ಒಂದು, ಕ್ರೈಸ್ತರಲ್ಲಿ ಓದಿದವರು, ಉಳ್ಳವರು ಹೆಚ್ಚಾಗಿ ಮೇಲುಜಾತಿಗಳಿಂದ ಬಂದವರು. ಅಸ್ಪೃಶ್ಯ ಕ್ರೈಸ್ತನ ನೋವು ಅವರಿಗೆ ತಟ್ಟುವುದಿಲ್ಲ. ಎರಡು, ಹಿಂದೆ ನಿನ್ನ ಕರ್ಮ ಅನ್ನುತ್ತಿದ್ದರು, ಈಗ ಆದಿಪುರುಷನ ಪಾಪ ಅನ್ನುತ್ತಾರೆ. ಎರಡರಲ್ಲೂ ತಪ್ಪು ನಿನ್ನದೇ ಹೊರತು ಸುತ್ತಲಿನ ಸಮಾಜದ್ದಲ್ಲ.

ಮೊದಲನೆಯ ಮಾತಿನಲ್ಲಿ ಒಂದಕ್ಷರ ಕಳೆಯುವಂತಿಲ್ಲ. ಎರಡನೆಯದರ ಜೊತೆ ನಾವು ಸ್ವಲ್ಪ ಜಗಳ ಆಡಬೇಕು. ಪಾಪದ ಪಾಠ ಹೇಳುವ ಅದೇ ಪುಸ್ತಕದಲ್ಲಿ ಜೀತದಾಳುಗಳು ಫರೋಹನ ಕೈ ತಪ್ಪಿಸಿಕೊಂಡು ಹೊರಟ ಕತೆಯೂ ಇದೆ, ದೇವಾಲಯದ ವ್ಯಾಪಾರಿಗಳ ಮೇಜು ಉರುಳಿಸಿದ ಬಡಗಿಯ ಮಗನೂ ಇದ್ದಾನೆ. ಯಾರು ಓದುತ್ತಾರೆ, ಯಾರ ಪರವಾಗಿ ಓದುತ್ತಾರೆ ಅನ್ನುವುದು ಮುಖ್ಯ. ಎಲ್ ಸಾಲ್ವಡಾರಿನ ಆರ್ಚ್‌ಬಿಷಪ್ ರೊಮೆರೊ 1980ರ ಮಾರ್ಚ್ 23ರಂದು, ಜನರನ್ನು ಕೊಲ್ಲುವ ಆಜ್ಞೆ ಪಾಲಿಸಬೇಡಿ ಎಂದು ಸೈನಿಕರಿಗೆ ಕರೆ ಕೊಟ್ಟರು. ಮರುದಿನ ಪೂಜೆಯ ನಡುವೆಯೇ ಗುಂಡಿಗೆ ಬಲಿಯಾದರು. ನಮ್ಮ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಶೂದ್ರ ದೈವಶಾಸ್ತ್ರದ ಮಾತೆತ್ತಿದರು. ಮುಂದೆ ಅದು ದಲಿತ ದೈವಶಾಸ್ತ್ರವಾಗಿ ಬೆಳೆಯಿತು. ಆದರೆ ಇಂಗ್ಲಿಷಿನಲ್ಲಿ ಹುಟ್ಟಿದ ಆ ಮಾತು ಕನ್ನಡದ ಕೇರಿಯ ಪ್ರಾರ್ಥನಾ ಮಂದಿರದ ತನಕ ಎಷ್ಟು ನಡೆದು ಬಂತು? ಇದು ನಮ್ಮ ತಕರಾರು.

ಹಾಗಾದರೆ ಚರ್ಚು ರಾಜಕೀಯಕ್ಕೆ ಬರಬೇಕೇ? ಈ ಪ್ರಶ್ನೆಯೇ ಮೋಸದ್ದು. ಅದು ಬಂದು ಯಾವ ಕಾಲವಾಯಿತು! ಕೇರಳದ ನಂಬೂದಿರಿಪಾಡ್ ಸರ್ಕಾರ 1957ರಲ್ಲಿ ತಂದ ಶಿಕ್ಷಣ ಮಸೂದೆಯ ವಿರುದ್ಧ ಕ್ಯಾಥೊಲಿಕ್ ಚರ್ಚು ‘ವಿಮೋಚನಾ ಸಮರ’ ಅಂತ ಬೀದಿಗಿಳಿಯಿತು, ನಾಯರ್ ಸಂಘಟನೆಯ ಜೊತೆ ಕೈಜೋಡಿಸಿತು. 1959ರ ಜುಲೈ 31ಕ್ಕೆ ಸರ್ಕಾರ ವಜಾ ಆಯಿತು. ತನ್ನ ಶಾಲೆಗಳ ಆಡಳಿತದ ಪ್ರಶ್ನೆ ಬಂದಾಗ ರಾಜಕೀಯ ಪಾಪ ಅನ್ನಿಸಲಿಲ್ಲ. ಕೂಲಿಯವನ ಪ್ರಶ್ನೆ ಬಂದಾಗ ಮಾತ್ರ ‘ನನ್ನ ರಾಜ್ಯ ಈ ಲೋಕದ್ದಲ್ಲ’!

ನ್ಯಾಯವಾಗಿ ಹೇಳಬೇಕಾದ್ದನ್ನೂ ಹೇಳೋಣ. ಆಗಸ್ಟ್ 10ನ್ನು ಕರಾಳ ದಿನವಾಗಿ ಆಚರಿಸುವ ಚರ್ಚುಗಳಿವೆ. 2022ರಲ್ಲಿ ಹೈದರಾಬಾದಿನ ಆಂಟನಿ ಪೂಲ ಮೊದಲ ದಲಿತ ಕಾರ್ಡಿನಲ್ ಆದರು. ಭಯವೂ ಸುಳ್ಳಲ್ಲ, 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಚರ್ಚುಗಳ ಮೇಲೆ ದಾಳಿ ನಡೆದದ್ದು ನಮ್ಮ ಕಣ್ಣೆದುರೇ. ಆದರೆ ದಿಲ್ಲಿಯ ಬಾಗಿಲು ತಟ್ಟುವ ಕೈ ತನ್ನ ಸ್ಮಶಾನದ ಗೋಡೆಯನ್ನೂ ಒಡೆಯಬೇಕು. ‘ನಮ್ಮೊಳಗೂ ಜಾತಿ ಇದೆ, ನಾವೇ ಸಾಕಿದ್ದೇವೆ’ ಎಂದು ಚರ್ಚು ಕೋರ್ಟಿನೆದುರು, ಊರೆದುರು ಒಪ್ಪಿಕೊಳ್ಳುವುದೇ ಅದರ ಮೊದಲ ರಾಜಕೀಯ. ಯಾವ ಗುರುತಿಗೆ ಓಟು ಹಾಕಬೇಕು ಅಂತ ಬಿಷಪ್ಪರು ಹೇಳುವುದು ನಮಗೆ ಬೇಡ. ಮಠದ ಸ್ವಾಮಿಗಳು ಹೇಳಿದರೂ ಬೇಡ, ಬಿಷಪ್ಪರು ಹೇಳಿದರೂ ಬೇಡ.

ಕೊನೆಗೆ ಒಂದು ಮಾತು ನಮಗೂ. 2025ರ ಸೆಪ್ಟೆಂಬರಿನ ಕರ್ನಾಟಕದ ಸಮೀಕ್ಷೆಯಲ್ಲಿ ‘ಮಾದಿಗ ಕ್ರಿಶ್ಚಿಯನ್’ನಂಥ ಹೆಸರುಗಳು ಕಂಡ ಕೂಡಲೇ ಗದ್ದಲ ಎದ್ದಿತು, ಅಂಥ ಹಲವು ಹೆಸರುಗಳು ಪಟ್ಟಿಯಲ್ಲಿ ಕಾಣದಂತಾದವು. ಆಗ ನಾವೇನು ಮಾಡಿದೆವು? ‘ಅವರು ಬಿಟ್ಟು ಹೋದವರು, ನಮ್ಮ ಪಾಲು ಕೇಳಲು ಬಂದಿದ್ದಾರೆ’ ಅನ್ನುವವರು ನಮ್ಮ ಸಂಘಟನೆಗಳಲ್ಲೂ ಇದ್ದಾರೆ. ಪಾಲು ಕಡಿಮೆಯಾದೀತು ಅನ್ನುವ ಆತಂಕ ನಿಜ, ಪಾಲು ಹಿಗ್ಗಿಸಿ ಅಂತ ಸರ್ಕಾರವನ್ನು ಕೇಳೋಣ. ಆದರೆ ದೇವರು ಬದಲಾದ ಮಾತ್ರಕ್ಕೆ ಒಡಹುಟ್ಟಿದವನ ಜಾತಿಯ ಗಾಯ ಮಾಯುತ್ತದೆಯೇ, ಗೆಳೆಯರೇ? ಚರ್ಚಿನ ಮೌನವನ್ನು ಪ್ರಶ್ನಿಸುವ ನಾವು ಸೂಸೈ ಪಕ್ಕ ಆ ಬಿಸಿಲಲ್ಲಿ ಹೋಗಿ ಕೂರದಿದ್ದರೆ, ನಮ್ಮ ಬಂಡಾಯವೂ ಭಾನುವಾರದ ಪ್ರಸಂಗವೇ ಆದೀತು.