ಚಿತ್ರಕಥೆಯಲ್ಲಿ ಫ್ರಿದಾ ಕಾಲೊ: ಒಂದು ಔಚಿತ್ಯವಿಚಾರ

ಕಲಾವಿದರ ಜೀವನವನ್ನು ಎಳೆಯರಿಗೆ ಪರಿಚಯಿಸಲು ಚಿತ್ರಕಥೆಯನ್ನು ಸಾಧನವಾಗಿ ಬಳಸುವುದು ಈಗ ಹಲವು ದೇಶಗಳಲ್ಲಿ ರೂಢಿಗೆ ಬಂದಿದೆ. ಮೆಕ್ಸಿಕೊದ ಚಿತ್ರಕಲಾವಿದೆ ಫ್ರಿದಾ ಕಾಲೊ (1907–1954) ಈ ಪ್ರಕಾರಕ್ಕೆ ಮತ್ತೆ ಮತ್ತೆ ವಸ್ತುವಾಗಿದ್ದಾಳೆ. ಇಟಲಿಯ ವನ್ನಾ ವಿಂಚಿಯವರ 2016ರ ಚಿತ್ರಕಥೆ ಇದಕ್ಕೊಂದು ನಿದರ್ಶನ. ಚಿತ್ರ ಬರೆದವಳ ಕಥೆಯನ್ನು ಚಿತ್ರಗಳಲ್ಲಿಯೇ ಹೇಳುವಾಗ ಒದಗುವ ಲಾಭವೇನು, ನಷ್ಟವೇನು ಎಂಬುದನ್ನು ಇಲ್ಲಿ ಪರಿಶೀಲಿಸಬಹುದು.

ಚಿತ್ರಕಥೆಯೆಂದರೆ ಲಘು ಮನೋರಂಜನೆಯೆಂದು ಭಾವಿಸುವವರುಂಟು. ಮೆಕ್ಸಿಕೊದ ಮಟ್ಟಿಗೆ ಈ ಮಾತು ನಿಲ್ಲಲಾರದು. ಅಲ್ಲಿ ಚಿತ್ರ ಮತ್ತು ಬರಹಗಳ ಸಾಹಚರ್ಯ ಹಳೆಯದು. ಪೊಸಾದನ (1852–1913) ಅಸ್ಥಿಪಂಜರದ ಚಿತ್ರಗಳು ಅಗ್ಗದ ಹಾಳೆಗಳಲ್ಲಿ ಪದ್ಯಗಳೊಡನೆ ಅಚ್ಚಾಗಿ ಜನರ ಕೈಸೇರಿದವು. ಆಪತ್ತಿನಿಂದ ಪಾರಾದವರು ಆ ಘಟನೆಯನ್ನು ತಗಡಿನ ಮೇಲೆ ಬರೆಯಿಸಿ, ಕೆಳಗೆ ಕೃತಜ್ಞತೆಯ ಒಕ್ಕಣೆಯನ್ನು ಸೇರಿಸಿ, ಚರ್ಚಿಗೆ ಒಪ್ಪಿಸುವ ಹರಕೆಯ ಪದ್ಧತಿಯೂ ಅಲ್ಲಿ ಉಂಟು. ಫ್ರಿದಾ ಇಂಥ ಹರಕೆಚಿತ್ರಗಳನ್ನು ಸಂಗ್ರಹಿಸಿದಳು. ಅವುಗಳ ರೀತಿಯನ್ನು ತನ್ನದಾಗಿಸಿಕೊಂಡಳು. 1932ರ ‘ಹೆನ್ರಿ ಫೋರ್ಡ್ ಆಸ್ಪತ್ರೆ’ ಲೋಹದ ಫಲಕದ ಮೇಲೆ ಬರೆದ ಚಿತ್ರ. 1935ರ ‘ಕೆಲವು ಸಣ್ಣ ಇರಿತಗಳು’ ಎಂಬುದರಲ್ಲಿ ಎರಡು ಹಕ್ಕಿಗಳು ಹಿಡಿದ ಪಟ್ಟಿಯ ಮೇಲೆ ಅಕ್ಷರಗಳೇ ಇವೆ. ಆದಕಾರಣ ಚಿತ್ರಕಥೆಯ ಮಾಧ್ಯಮ ಆಕೆಯ ಕಲೆಗೆ ತೀರ ಹೊರಗಿನದಲ್ಲ.

ಜೀವನದ ಘಟನೆಗಳನ್ನು ಹೇಳುವಲ್ಲಿ ಈ ಮಾಧ್ಯಮದ ಶಕ್ತಿ ಸ್ಪಷ್ಟವಾಗಿದೆ. 1925ರ ಸೆಪ್ಟೆಂಬರ್ 17ರಂದು ಆಕೆ ಕುಳಿತಿದ್ದ ಬಸ್ಸಿಗೆ ಟ್ರಾಮು ಬಡಿಯಿತು. ಹಾಸಿಗೆ ಹಿಡಿದ ಮಗಳಿಗಾಗಿ ತಾಯಿ ಮಲಗಿಯೇ ಬರೆಯಲು ಅನುಕೂಲವಾದ ಚಿತ್ರಪೀಠವನ್ನು ಮಾಡಿಸಿದಳು. ಮಂಚದ ಮೇಲ್ಭಾಗಕ್ಕೆ ಕನ್ನಡಿಯನ್ನು ಅಳವಡಿಸಲಾಯಿತು. ಆಕೆ ತನ್ನ ಮುಖವನ್ನೇ ಏಕೆ ಬರೆಯತೊಡಗಿದಳೆಂಬುದನ್ನು ನಾಲ್ಕು ಚೌಕಟ್ಟುಗಳು ಬಾಲಕನಿಗೂ ತಿಳಿಯಪಡಿಸಬಲ್ಲವು.

ತೊಡಕು ಉಂಟಾಗುವುದು ಕಲಾಕೃತಿಯ ಬಳಿಗೆ ಬಂದಾಗ. ‘ಇಬ್ಬರು ಫ್ರಿದಾಗಳು’ 1939ರ ಕೃತಿ. ಆಕೆಗೂ ಡೀಗೊ ರಿವೆರಾನಿಗೂ ವಿಚ್ಛೇದನವಾದದ್ದೂ ಅದೇ ವರ್ಷ. ಒಂದು ಚೌಕಟ್ಟಿನಲ್ಲಿ ವಿಚ್ಛೇದನ, ಮುಂದಿನದರಲ್ಲಿ ಕಣ್ಣೀರು, ಅದರ ಮುಂದೆ ಚಿತ್ರ ಎಂದು ಜೋಡಿಸಿದರೆ, ಕೃತಿಯು ಘಟನೆಯ ದಾಖಲೆಯೆಂದಷ್ಟೇ ಓದುಗ ತಿಳಿಯುತ್ತಾನೆ. ಮೂಲದಲ್ಲಿರುವುದೇ ಬೇರೆ. ಯೂರೋಪಿನ ಬಿಳಿಯ ಉಡುಪಿನವಳೂ ತೆಹುವಾನ ಉಡುಪಿನವಳೂ ಕೈ ಹಿಡಿದು ಕುಳಿತಿದ್ದಾರೆ. ತೆರೆದು ತೋರುವ ಎರಡು ಹೃದಯಗಳನ್ನು ಒಂದು ರಕ್ತನಾಳ ಕೂಡಿಸಿದೆ. ಬಿಳಿಯ ಉಡುಪಿನವಳು ಅದರ ತುದಿಯನ್ನು ಚಿಮುಟದಿಂದ ಅದುಮಿದರೂ ನೆತ್ತರು ತೊಟ್ಟಿಕ್ಕುತ್ತಿದೆ. ಇನ್ನೊಬ್ಬಳ ಕೈಯಲ್ಲಿ ಬಾಲಕ ಡೀಗೊನ ಪುಟ್ಟ ಚಿತ್ರವಿದೆ. ಯಾರು ಯಾರನ್ನು ಬದುಕಿಸುತ್ತಿದ್ದಾರೆ? ಚಿತ್ರ ಉತ್ತರ ಹೇಳುವುದಿಲ್ಲ. ನಮ್ಮ ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಧ್ವನಿಯಾಗಿದ್ದುದನ್ನು ಚಿತ್ರಕಥೆ ವಾಚ್ಯವಾಗಿಸುತ್ತದೆ.

ಎರಡನೆಯ ತೊಡಕು ಆಯ್ಕೆಗೆ ಸಂಬಂಧಿಸಿದ್ದು. 1953ರಲ್ಲಿ ಮೆಕ್ಸಿಕೊ ನಗರದಲ್ಲಿ ನಡೆದ ತನ್ನ ಪ್ರದರ್ಶನದಲ್ಲಿ ಆಕೆ ಮಂಚದ ಮೇಲೆ ಮಲಗಿಯೇ ಪಾಲ್ಗೊಂಡಳು. ಕಥೆಯನ್ನು ಇಲ್ಲಿ ಮುಗಿಸಿದರೆ ಅದು ಜಯಗಾಥೆಯಾಗುತ್ತದೆ. ಅದೇ ವರ್ಷ ಆಕೆಯ ಬಲಗಾಲನ್ನು ಕತ್ತರಿಸಬೇಕಾಯಿತೆಂಬುದು ಮರೆಯಾಗುತ್ತದೆ. ಹಾಗೆಯೇ, ಕ್ರಾಂತಿ ಆರಂಭವಾದ 1910ನ್ನು ಆಕೆ ತನ್ನ ಜನ್ಮವರ್ಷವೆಂದು ಹೇಳಿಕೊಂಡದ್ದನ್ನೂ ಕಮ್ಯುನಿಸ್ಟ್ ಪಕ್ಷವನ್ನು ಸೇರಿದ್ದನ್ನೂ ಬಿಟ್ಟರೆ, ಉಳಿಯುವುದು ಮುಡಿಯ ಹೂವು ಮತ್ತು ಕೂಡಿದ ಹುಬ್ಬು ಮಾತ್ರ. ಎಳೆಯರಿಗೆ ಎಲ್ಲವನ್ನೂ ವಿವರಿಸಬೇಕಾಗಿಲ್ಲ, ನಿಜ. ಆದರೆ ನೋವನ್ನು ಸವಿಗೊಳಿಸಿ ಕೊಡುವುದು ಔಚಿತ್ಯವಲ್ಲ.

ಹಾಗಾದರೆ ಒಳ್ಳೆಯ ಚಿತ್ರಕಥೆಯ ಲಕ್ಷಣವೇನು? ಘಟನೆಗಳನ್ನು ಅದು ಚೌಕಟ್ಟುಗಳಲ್ಲಿ ಹೇಳಲಿ. ಆದರೆ ಒಂದು ಕೃತಿಯನ್ನಾದರೂ, ತನ್ನ ಗೆರೆಯಲ್ಲಿ ತಿದ್ದಿ ಬರೆಯದೆ, ಮಾತಿನ ಗುಳ್ಳೆಗಳಿಲ್ಲದೆ, ಇಡೀ ಪುಟದಲ್ಲಿ ಮೂಲದಂತೆಯೇ ಮುದ್ರಿಸಲಿ. ತರಗತಿಯಲ್ಲಿ ಅಧ್ಯಾಪಕರು ಆ ಪುಟವನ್ನೇ ಮೊದಲು ತೆರೆದು, ಕಾಣುವುದನ್ನು ವಿದ್ಯಾರ್ಥಿಗಳಿಂದ ಹೇಳಿಸಿ, ಅನಂತರ ಕಥೆಗೆ ಬರುವುದು ಯೋಗ್ಯ. ಅಂಥ ಪುಟವಿಲ್ಲದ ಪುಸ್ತಕದಿಂದ ಓದುಗನಿಗೆ ಕಲಾವಿದೆಯ ಕಷ್ಟಗಳು ತಿಳಿದಾವು. ಆಕೆಯ ಕಲೆಯ ಪರಿಚಯವಾಗದು.