ಪಟ್ಟಿಯಲ್ಲಿಲ್ಲದ ಅರ್ಥಿಂಗು

'ಐವತ್ತು ಸಾವಿರಕ್ಕೆ ಗೇಮಿಂಗ್ ಪಿಸಿ' ಎಂಬುದು ಈಗ ಒಂದು ಸಾಹಿತ್ಯ ಪ್ರಕಾರವೇ ಆಗಿಬಿಟ್ಟಿದೆ. ಯೂಟ್ಯೂಬಿನಲ್ಲಿ ಹಿಂದಿ, ಇಂಗ್ಲಿಷು, ತಮಿಳು, ಈಚೀಚೆಗೆ ಕನ್ನಡದಲ್ಲೂ ಇದರ ಲೆಕ್ಕವಿಲ್ಲದಷ್ಟು ಆವೃತ್ತಿಗಳಿವೆ. ಮಣಿಪಾಲದ ಹಾಸ್ಟೆಲಿನಲ್ಲಿರುವವನು, ನಿಟ್ಟೆಯಲ್ಲಿ ಎಂಜಿನಿಯರಿಂಗ್ ಓದುವ ಕಾರ್ಕಳದವಳು, ಕಾಪುವಿನಿಂದ ಬಂಟಕಲ್ಲಿನ ಕಾಲೇಜಿಗೆ ಬಸ್ಸು ಹಿಡಿಯುವವನು, ಎಲ್ಲರ ಮೊಬೈಲಿನಲ್ಲೂ ಅಂಥದೊಂದು ಪಟ್ಟಿಯ ಸ್ಕ್ರೀನ್‌ಶಾಟ್ ಇರುತ್ತದೆ. ಪ್ರೊಸೆಸರ್, ಬೋರ್ಡು, ರ‍್ಯಾಮ್, ಗ್ರಾಫಿಕ್ಸ್ ಕಾರ್ಡು, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್. ಏಳು ಸಾಲು, ಕೆಳಗೊಂದು ಮೊತ್ತ. ಉಡುಪಿಯ ಕಂಪ್ಯೂಟರ್ ಅಂಗಡಿಯವರು ಗಿರಾಕಿ ಬಾಯಿ ಬಿಡುವ ಮೊದಲೇ ಆ ಏಳು ಸಾಲನ್ನು ಒಪ್ಪಿಸಬಲ್ಲರು.

ಈ ಪಟ್ಟಿಯನ್ನು ಒಂದು ಕೃತಿ ಎಂದುಕೊಂಡು ಓದಿದರೆ ಅದರ ಗುಣ, ದೋಷ ಎರಡೂ ಕಾಣುತ್ತವೆ. ಮೊದಲು ಗುಣ ಹೇಳಿಬಿಡೋಣ, ಅದು ಸಣ್ಣದಲ್ಲ. ಹತ್ತು ವರ್ಷ ಹಿಂದೆ ನಮ್ಮಲ್ಲಿ ಕಂಪ್ಯೂಟರು ಕೊಳ್ಳುವವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಐ5ಓ ಐ7ಓ?" ಈಗಲೂ ಆನ್‌ಲೈನಿನಲ್ಲಿ 'ಕೋರ್ ಐ7, 16 ಜಿಬಿ, 4 ಜಿಬಿ ಗ್ರಾಫಿಕ್ಸ್' ಎಂದು ಬಣ್ಣದ ದೀಪ ಹಚ್ಚಿಕೊಂಡು ನಿಂತ ಡಬ್ಬಿಗಳಿವೆ. ಅವುಗಳಲ್ಲಿ ಬಹಳಷ್ಟರ ಹೊಟ್ಟೆಯಲ್ಲಿರುವುದು 2011ರ ಐ7-2600 ಇಲ್ಲವೇ ಅದರ ಮರುವರ್ಷದ ಸಂತಾನ, ಜೊತೆಗೆ 2014ರ ಜಿಟಿ 730. ಹೆಸರಿನಲ್ಲಿ 7 ಇದ್ದರೂ ಆ ಚಿಪ್ಪಿಗೆ ನಾಲ್ಕು ಕೋರ್, ಎಂಟು ಥ್ರೆಡ್. 2022ರ ಐ3-12100ಎಫ್‌ಗೂ ಅಷ್ಟೇ ಕೋರ್, ಅಷ್ಟೇ ಥ್ರೆಡ್. ಆದರೆ ಓಟದಲ್ಲಿ ಇದರ ಹತ್ತಿರಕ್ಕೂ ಆ ಹಳೆಯ ಐ7 ಬರುವುದಿಲ್ಲ, ವಿಂಡೋಸ್ 11ರ ಅರ್ಹತಾ ಪಟ್ಟಿಯಲ್ಲೂ ಇಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಷ್ಟನ್ನು ಒಬ್ಬ ಪಿಯುಸಿ ಹುಡುಗ ಇವತ್ತು ಅಪ್ಪನಿಗೆ ವಿವರಿಸಬಲ್ಲ. ಆ ವಿದ್ಯೆ ಕಲಿಸಿದ್ದು ಈ ವೀಡಿಯೊಗಳೇ.

ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲೂ ಪಟ್ಟಿಯ ಬುದ್ಧಿ ಚುರುಕು. ಒಂದೇ ಹೆಸರಿನಡಿ ಎರಡು ಮಾಲು ಮಾರುವ ಕಂಪನಿಗಳ ಚಾಳಿಯನ್ನು ಅದು ಹಿಡಿದುಕೊಡುತ್ತದೆ. 2022ರ ಆರ್‌ಟಿಎಕ್ಸ್ 3050ಕ್ಕೆ 8 ಜಿಬಿ, 128 ಬಿಟ್ಟಿನ ದಾರಿ. 2024ರಲ್ಲಿ ಅದೇ ಹೆಸರು ಹೊತ್ತು ಬಂದದ್ದಕ್ಕೆ 6 ಜಿಬಿ, 96 ಬಿಟ್ಟು, ಕೋರುಗಳೂ ಕಡಿಮೆ. ಅಂಗಡಿಯ ಬಿಲ್ಲಿನಲ್ಲಿ ಎರಡೂ '3050'. ಇನ್ನು ಜಿಟಿಎಕ್ಸ್ 1650 ಎಂಬ ಹಳೆಯ ನೆಚ್ಚಿನ ಕಾರ್ಡಿಗೆ ಈಗ ಬಾಗಿಲು ಮುಚ್ಚುತ್ತಿದೆ. 2024ರ ಕೊನೆಗೆ ಬಂದ ಇಂಡಿಯಾನಾ ಜೋನ್ಸ್ ಆಟ, ಮರುವರ್ಷದ 'ಡೂಮ್: ದಿ ಡಾರ್ಕ್ ಏಜಸ್' ಎರಡಕ್ಕೂ ರೇ ಟ್ರೇಸಿಂಗ್ ಯಂತ್ರಾಂಗ ಕಾರ್ಡಿನಲ್ಲೇ ಇರಬೇಕು. ಕಡಿಮೆ ಸೆಟ್ಟಿಂಗಿನಲ್ಲಾದರೂ ಓಡೀತು ಎಂಬ ಹಳೆಯ ಸಮಾಧಾನ ಅಲ್ಲಿ ನಡೆಯುವುದಿಲ್ಲ.

ಇಷ್ಟೆಲ್ಲ ಬಲ್ಲ ಪಟ್ಟಿ ಒಂದನ್ನು ಮಾತ್ರ ಕೇಳುವುದಿಲ್ಲ: ಯಾವ ಆಟ? ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ ಆಡುವವನ ಅಗತ್ಯ ಬೇರೆ, ಕತೆಯಿರುವ ದೊಡ್ಡ ಆಟಗಳನ್ನು ನೆಚ್ಚಿಕೊಂಡವಳ ಅಗತ್ಯ ಬೇರೆ. ಸಂಜೆ ಗೆಳೆಯರ ಜೊತೆ ವ್ಯಾಲೊರಂಟ್ ಮಾತ್ರ ಆಡುವವನಿಗೆ ರೈಜೆನ್ 5 5600ಜಿ ಒಳಗಿರುವ ಗ್ರಾಫಿಕ್ಸೇ ಸಾಕು, ಎರಡು ರ‍್ಯಾಮ್ ಕಡ್ಡಿ ಹಾಕಿದ್ದರೆ. (ಉಡುಪಿಯಲ್ಲೇ ಕೂತು 'ಸ್ಟಾರ್ ಷೆಫ್', 'ಧೂಮ್: 3' ಥರದ ಮೊಬೈಲ್ ಆಟಗಳನ್ನು ಕಟ್ಟಿದ 99ಗೇಮ್ಸ್‌ನವರ ಆಟಕ್ಕಾದರೆ ಇದ್ಯಾವುದೂ ಬೇಡ. ಆದರೆ ಊರಿನಲ್ಲಿ ಆಟ ತಯಾರಾಗುತ್ತದೆ ಎಂದು ಪಿಸಿ ಬೇಡವೆನ್ನುವ ಹುಡುಗರನ್ನು ನಾನು ಕಂಡಿಲ್ಲ.)

ಇನ್ನು ದೋಷ. ಮೊತ್ತದ ಸುಳ್ಳು ಎಲ್ಲರಿಗೂ ಗೊತ್ತಿರುವಂಥದ್ದು, ಬೇಗ ಮುಗಿಸುತ್ತೇನೆ. 'ಐವತ್ತು ಸಾವಿರ' ಎಂದರೆ ಡಬ್ಬಿ ಮಾತ್ರ. ಮಾನಿಟರು, ಕೀಬೋರ್ಡು, ವಿಂಡೋಸ್ ಲೈಸೆನ್ಸು, ಯುಪಿಎಸ್ ಅದರೊಳಗಿಲ್ಲ. ವಿದೇಶಿ ಪಟ್ಟಿಯನ್ನು ನೋಡಿ ಡಾಲರನ್ನು ರೂಪಾಯಿಗೆ ಗುಣಿಸುವವರಿಗೆ ಶೇ. 18ರ ಜಿಎಸ್‌ಟಿ, ಹಂಚಿಕೆದಾರನ ಪಾಲು ಆಮೇಲೆ ನೆನಪಾಗುತ್ತವೆ. 75 ಹರ್ಟ್ಸಿನ ಹಳೆಯ ಮಾನಿಟರಿಗೆ ಇನ್ನೂರು ಫ್ರೇಮು ಕೊಡುವ ಯಂತ್ರ ಜೋಡಿಸಿ ಹೆಮ್ಮೆಪಡುವವರೂ ಇದ್ದಾರೆ.

ನನ್ನ ಮುಖ್ಯ ತಕರಾರು ಪಟ್ಟಿಯ ಆರನೇ ಸಾಲಿನ ಬಗ್ಗೆ. ಹಣ ಸಾಲದೆ ಬಂದಾಗ ಕತ್ತರಿ ಮೊದಲು ಬೀಳುವುದು ಯಂತ್ರಕ್ಕೆ ಕರೆಂಟು ಹಂಚುವ ಎಸ್‌ಎಂಪಿಎಸ್ ಮೇಲೆ. 'ಲೋಕಲ್ ಎಸ್‌ಎಂಪಿಎಸ್' ಎಂಬುದು ನಮ್ಮ ಅಂಗಡಿಗಳಲ್ಲಿ ನಾಚಿಕೆಯಿಲ್ಲದೆ ಬಳಕೆಯಾಗುವ ಮಾತು. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆಯಾಗಿಯೂ ಬರುತ್ತದೆ. ಮೇಲೆ ದೊಡ್ಡದಾಗಿ 450 ವ್ಯಾಟ್ ಎಂದಿರುತ್ತದೆ. ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಕಾಲಂ ಹುಡುಕಿ ಓದಬೇಕು. ಅಲ್ಲಿ 16 ಆಂಪಿಯರ್ ಎಂದಿದ್ದರೆ ಗುಣಾಕಾರ ಸುಲಭ: 192 ವ್ಯಾಟ್. ಆರ್‌ಎಕ್ಸ್ 6600 ಕಾರ್ಡಿಗೆ 132, ರೈಜೆನ್ 5 5600ಕ್ಕೆ ಕಂಪನಿ ಹೇಳುವ ಪ್ರಕಾರವೇ 65. ಎರಡು ಕೂಡಿದರೆ 197. ಫ್ಯಾನು, ಡಿಸ್ಕು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿದರೆ ನಾಲ್ಕು ಫ್ರೇಮು ಕಡಿಮೆಯಾಗುತ್ತದೆ. ಇಲ್ಲಿ ಕೆಳಗಿಳಿದರೆ ಒಂದು ದಿನ ಉಳಿದ ಆರು ಸಾಲೂ ಒಟ್ಟಿಗೆ ಹೋಗಬಹುದು. '80 ಪ್ಲಸ್' ಚೀಟಿ ಇದೆಯಲ್ಲ ಎನ್ನುವವರಿದ್ದಾರೆ. ಅದು ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಯಂತ್ರಕ್ಕೆ ಮುಟ್ಟುತ್ತದೆ ಎಂಬುದರ ಪ್ರಮಾಣಪತ್ರ. ವೋಲ್ಟೇಜು ಏರಿದಾಗ ಎಸ್‌ಎಂಪಿಎಸ್ ತನ್ನನ್ನು ತಾನು ಕಡಿದುಕೊಳ್ಳುತ್ತದೆಯೇ ಎಂಬುದಕ್ಕೆ ಅದು ಜಾಮೀನಲ್ಲ.

ಪಟ್ಟಿ ಬರೆದವನಿಗೆ ಕರೆಂಟು ಎಂದರೆ 230 ವೋಲ್ಟು, ಸದಾ ಇರುವಂಥದ್ದು. ಕಾಪು ತಾಲ್ಲೂಕಿನ ಎಲ್ಲೂರಿನಲ್ಲಿ 1,200 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರವೇ ಇದೆ. ಆದರೆ ಜಡಿಮಳೆಗೆ ಹಲಸಿನ ಕೊಂಬೆ ತಂತಿಯ ಮೇಲೆ ಬಿದ್ದ ಸಂಜೆ ಆ ಅಂಕಿಯಿಂದ ಪ್ರಯೋಜನವಿಲ್ಲ. ಕರೆಂಟು ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಏಟು ಬೀಳುವುದು ಹೋಗುವಾಗಿನದಕ್ಕಿಂತ ಬರುವಾಗ ಹೆಚ್ಚು. ಘಟ್ಟದ ಬುಡದ ಕಾರ್ಕಳ, ಹೆಬ್ರಿ ಕಡೆ ಇದಕ್ಕೆ ಸಿಡಿಲು ಸೇರುತ್ತದೆ. ಏಪ್ರಿಲ್-ಮೇ ತಿಂಗಳ ಮುಂಗಾರುಪೂರ್ವ ಮಳೆ, ಅಕ್ಟೋಬರಿನ ಮರುಮಳೆ, ಎರಡೂ ಗುಡುಗಿನವೇ.

ಅದಕ್ಕೇ ನಮ್ಮ ಕಡೆಯ ಪಟ್ಟಿ ಗೋಡೆಯ ಸಾಕೆಟ್ಟಿನಿಂದ ಶುರುವಾಗಬೇಕು ಎನ್ನುವುದು. ಮೂರನೇ ತೂತಿನ ಹಿಂದೆ ನಿಜಕ್ಕೂ ತಂತಿ ಇದೆಯೇ, ಇದ್ದರೆ ಅದು ನೆಲ ಮುಟ್ಟಿದೆಯೇ? ನಮ್ಮದು ಮುರಕಲ್ಲಿನ ನೆಲ. ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಒಣಗಿದರೆ ವಿದ್ಯುತ್ತಿಗೆ ದಾರಿ ಕೊಡಲು ಒಲ್ಲೆ ಎನ್ನುತ್ತದೆ. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಹಳಬರು ಮಾರ್ಚ್ ತಿಂಗಳಲ್ಲಿ ಕೊಡಪಾನ ನೀರು ಸುರಿಯುತ್ತಿದ್ದುದು ಸುಮ್ಮನೆಯಲ್ಲ. ಹೊಸ ಮನೆಗಳಲ್ಲಿ ಆ ಗುಂಡಿಯ ಮೇಲೆ ಇಂಟರ್‌ಲಾಕ್ ಹಾಸಿದ್ದಾಗಿದೆ. ಕ್ಯಾಬಿನೆಟ್ಟಿನ ಸ್ಕ್ರೂ ಮುಟ್ಟಿದಾಗ ಬೆರಳಿಗೆ ಜುಮ್ಮೆನ್ನುತ್ತದಲ್ಲ, ಅದಕ್ಕೆ ಕಾರಣ ಇಲ್ಲಿದೆ. ಎಸ್‌ಎಂಪಿಎಸ್ ಒಳಗೆ ಫೇಸಿನಿಂದಲೂ ನ್ಯೂಟ್ರಲಿನಿಂದಲೂ ಲೋಹದ ಮೈಗೆ ಒಂದೊಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಡಬ್ಬಿಯ ಮೈ ಮೇನ್ಸಿನ ಅರ್ಧದಷ್ಟು, ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಹರಿಯುವ ಕರೆಂಟು ತೀರ ಸಣ್ಣದಾದ್ದರಿಂದ ಸಾಮಾನ್ಯವಾಗಿ ಜೀವಕ್ಕೇನೂ ಆಗುವುದಿಲ್ಲ. ಆದರೆ ಅದೇ ಸಾಕೆಟ್ಟಿಗೆ ಸಿಕ್ಕಿಸಿದ ಸಾವಿರ ರೂಪಾಯಿಯ ಸರ್ಜ್ ಪ್ರೊಟೆಕ್ಟರು ಅರ್ಧ ಕೆಲಸ ಮಾತ್ರ ಮಾಡೀತು. ಹೆಚ್ಚಿನ ವೋಲ್ಟೇಜನ್ನು ನೆಲಕ್ಕೆ ಇಳಿಸಬೇಕೆಂದರೆ ನೆಲ ಸಿಗಬೇಕಲ್ಲ. ಎಲೆಕ್ಟ್ರಿಷಿಯನ್ ಮೀಟರು ಹಿಡಿದು ಫೇಸ್-ಅರ್ಥಿಂಗ್ ನಡುವೆ 230ರ ಆಸುಪಾಸು, ನ್ಯೂಟ್ರಲ್-ಅರ್ಥಿಂಗ್ ನಡುವೆ ಎರಡು ಮೂರು ವೋಲ್ಟಿನೊಳಗೆ ಇದೆಯೇ ನೋಡಿ ಹೇಳಲಿ. ಯಾವ ವೀಡಿಯೊ ಪಟ್ಟಿಯಲ್ಲೂ ಈ ಎಂಟನೇ ಸಾಲನ್ನು ನಾನು ಕಂಡದ್ದಿಲ್ಲ.

ಸಿಡಿಲಿಗಂತೂ ಪ್ಲಗ್ಗು ಕೀಳುವುದೊಂದೇ ಮದ್ದು, ಅದೂ ಎರಡು ಕಡೆ. ಫೈಬರ್ ಬಂದ ಮೇಲೆ ಟೆಲಿಫೋನ್ ತಂತಿಯಲ್ಲಿ ನುಗ್ಗಿ ಬೋರ್ಡಿನ ಲ್ಯಾನ್ ಸುಡುವ ಕಾಟ ಇಳಿದಿದೆ, ಗಾಜಿನೆಳೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಆದರೆ ಮೋಡೆಮ್ಮಿನ ಅಡಾಪ್ಟರು ಗೋಡೆಯಲ್ಲೇ ಇದೆ, ಅಲ್ಲಿಂದ ಪಿಸಿಗೆ ತಾಮ್ರದ ಲ್ಯಾನ್ ತಂತಿಯೂ ಇದೆ. ಯುಪಿಎಸ್ ತಗೊಳ್ಳುವುದಾದರೆ 600 ವಿಎ ಎಂದರೆ ಹೆಚ್ಚಾಗಿ 360 ವ್ಯಾಟ್ ಎಂಬುದು ಗೊತ್ತಿರಲಿ. ಆಟದ ನಡುವೆ ಕರೆಂಟು ಹೋದರೆ ಪೂರ್ತಿ ಭಾರ ಅದರ ತಲೆಯ ಮೇಲೆ ಬೀಳುತ್ತದೆ. ಮ್ಯಾಚು ಮುಗಿಸಲು ಅದು ಬೇಕಿಲ್ಲ, ಸೇವ್ ಮಾಡಿ ಮುಚ್ಚಲು ಬೇಕು.

ಕ್ಯಾಬಿನೆಟ್ಟಿನ ಆಯ್ಕೆಯಲ್ಲಿ ಪಟ್ಟಿ ಎಡವುವುದು ಹವೆಯಿಂದ. ವಿಮರ್ಶಕರು ಅಳೆಯುವುದು 21-22 ಡಿಗ್ರಿಯ ಕೋಣೆಯಲ್ಲಿ. ಮೇ ತಿಂಗಳ ಉಡುಪಿಯ ಮಾಳಿಗೆ ಕೋಣೆ 33ರ ಮೇಲೆಯೇ ಇರುತ್ತದೆ. ಹೊರಗೆ ಹೆಚ್ಚಾದಷ್ಟು ಡಿಗ್ರಿ ಒಳಗಿನ ಚಿಪ್ಪಿಗೂ ಹೆಚ್ಚುಕಡಿಮೆ ಅಷ್ಟೇ ಸೇರುತ್ತದೆ. ಮುಂದೆ, ಪಕ್ಕ, ಎರಡೂ ಕಡೆ ಗಾಜಿರುವ ಡಬ್ಬಿ ಅಂಗಡಿಯಲ್ಲಿ ದೀಪಾವಳಿಯಂತೆ ಕಾಣುತ್ತದೆ, ಮನೆಯಲ್ಲಿ ಉಸಿರುಗಟ್ಟುತ್ತದೆ. ಮುಂದೆ ಜಾಲರಿ, ತೆಗೆದು ತೊಳೆಯಬಹುದಾದ ಫಿಲ್ಟರು, ಸರಿಯಾಗಿ ಬಣ್ಣ ಬಳಿದ ತಗಡು ಇದ್ದರೆ ಸಾಕು. ಕಾಪು, ಮಲ್ಪೆಯ ಕಡಲದಡದ ಮನೆಗಳಲ್ಲಿ ಬಣ್ಣವಿಲ್ಲದ ತಗಡಿನ ಅಂಚು, ಹಿಂಬದಿಯ ಸ್ಲಾಟು ಬೇಗ ತುಕ್ಕು ಹಿಡಿಯುತ್ತವೆ. ಮಳೆಗಾಲದಲ್ಲಿ ಗೋಡೆಗೇ ಬೂಷ್ಟು ಬರುವ ಊರಿನಲ್ಲಿ ಯಂತ್ರವನ್ನು ವಾರಗಟ್ಟಲೆ ಮುಚ್ಚಿಡುವುದಕ್ಕಿಂತ ದಿನಕ್ಕೆ ಸ್ವಲ್ಪ ಹೊತ್ತು ಓಡಿಸುವುದು ಒಳ್ಳೆಯದು, ಅದರ ಬಿಸಿಯೇ ತೇವ ಓಡಿಸುತ್ತದೆ. ಹಲ್ಲಿ, ಇರುವೆಗಳ ಮಾತು ಬೇಡ, ಅವಕ್ಕೆ ಎಸ್‌ಎಂಪಿಎಸ್ ಎಂದರೆ ಬೆಚ್ಚನೆಯ ಮನೆ.

ಕಂತಿನಲ್ಲಿ ಕಟ್ಟುವ ಉಪಾಯವನ್ನು ಮೆಚ್ಚಲೇಬೇಕು: ಮೊದಲು 5600ಜಿ, ಗ್ರಾಫಿಕ್ಸ್ ಕಾರ್ಡು ಮುಂದಿನ ವರ್ಷ. ನಮ್ಮ ಮನೆಗಳ ಹಣದ ಹರಿವಿಗೆ ಇದು ಹೊಂದುತ್ತದೆ. ಕೊರತೆಯೂ ಇದೆ: ಮಾಮೂಲಿ 5600ಕ್ಕೆ 32 ಎಂಬಿ ಎಲ್3 ಕ್ಯಾಶ್ ಇದ್ದರೆ 5600ಜಿಗೆ 16, ಪಿಸಿಐಇ ಕೂಡ ಹಳೆಯ 3.0. ಆರ್‌ಎಕ್ಸ್ 6600ಕ್ಕೆ ಎಂಟು ಲೇನು ಇರುವುದರಿಂದ ನಷ್ಟ ಸ್ವಲ್ಪವೇ. ನಾಲ್ಕೇ ಲೇನಿನ 6500 ಎಕ್ಸ್‌ಟಿ ಹಾಕಿದರೆ ಮಾತ್ರ ಮೋಸಹೋದಂತೆ. ಒಳಗಿನ ಗ್ರಾಫಿಕ್ಸು ರ‍್ಯಾಮನ್ನೇ ಉಣ್ಣುತ್ತದೆ, ಹಾಗಾಗಿ 16ರ ಒಂದು ಕಡ್ಡಿಗಿಂತ 8ರ ಎರಡು ಕಡ್ಡಿ. ಅಡ್ಡಿಯೆಂದರೆ ರ‍್ಯಾಮಿನ ಬೆಲೆ. ಎಐ ಡೇಟಾ ಸೆಂಟರುಗಳ ಹಸಿವಿಗೆ 2025ರ ಕೊನೆಯಿಂದ ಅದು ಏರಿದ ಪರಿ ಎಲ್ಲ ಹಳೆಯ ಪಟ್ಟಿಗಳ ಮೊತ್ತವನ್ನೂ ಸುಳ್ಳಾಗಿಸಿತು. ಆ ಡಿಸೆಂಬರಿನಲ್ಲಿ ಮೆಮೊರಿ ತಯಾರಿಸುವ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಸಾರಿತು. ಇಂಥ ಹೊತ್ತಿನಲ್ಲಿ 'ಮುಂದಕ್ಕಾಗುತ್ತದೆ' ಎಂದು ಡಿಡಿಆರ್5 ಮಾತ್ರ ಹಿಡಿಸುವ ಎಎಂ5 ಬೋರ್ಡಿಗೆ ಹೋಗೆನ್ನುವ ಸಲಹೆ ಬಜೆಟ್ ನೋಡಿ ಕೊಳ್ಳುವವನ ಮಟ್ಟಿಗೆ ನನಗೆ ರುಚಿಸುವುದಿಲ್ಲ. ಆರು ವರ್ಷಕ್ಕೊಮ್ಮೆ ಕೊಳ್ಳುವವನು ಬೋರ್ಡು ಉಳಿಸಿಕೊಂಡು ಚಿಪ್ಪು ಬದಲಿಸುವುದು ಅಪರೂಪ.

ಎಲ್ಲಿ ಕೊಳ್ಳುವುದು? ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ ಎಸ್‌ಪಿ ರೋಡಿನಲ್ಲಿ ಚೌಕಾಸಿ ಮಾಡುವ ಖುಷಿಯೇ ಬೇರೆ. ಉಳಿತಾಯದಲ್ಲಿ ಬಸ್ ಚಾರ್ಜು ಕಳೆಯುವುದನ್ನು ಮರೆಯಬಾರದು ಅಷ್ಟೆ. ದುಬೈಯ ಮಾವ ತರುವ ಕಾರ್ಡು ಅಗ್ಗವಾಗಿದ್ದರೂ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಕೇಳಬೇಕು. ಎಸ್‌ಎಂಪಿಎಸ್, ಬೋರ್ಡು, ಮಾನಿಟರನ್ನು ಬಿಲ್ಲು ಹಾಕಿ ಕೊಡುವ ಊರಿನ ಅಂಗಡಿಯಲ್ಲೇ ಕೊಳ್ಳುವುದು ಲೇಸು ಎಂಬುದು ನನ್ನ ಮತ. ಕೆಟ್ಟರೆ ಮಂಗಳೂರಿಗೋ ಬೆಂಗಳೂರಿಗೋ ಕಳಿಸಿ ಬೆನ್ನು ಹತ್ತುವ ಕೆಲಸಕ್ಕೆ ಅವರು ಇಡುವ ಆ ಹೆಚ್ಚುವರಿ ಐನೂರು ರೂಪಾಯಿ ದುಬಾರಿಯಲ್ಲ.

ಮನೆಯಲ್ಲಿ ನಿಜವಾದ ಆಕ್ಷೇಪ ಬರುವುದು ತಿಂಗಳಾದ ಮೇಲೆ. 300 ವ್ಯಾಟ್ ಎಳೆಯುವ ಯಂತ್ರ ದಿನಕ್ಕೆ ನಾಲ್ಕು ಗಂಟೆ ಓಡಿದರೆ 1.2 ಯೂನಿಟ್, ತಿಂಗಳಿಗೆ 36. ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ಮನೆಯ ಹಿಂದಿನ ಸರಾಸರಿಗಿಂತ ಸ್ವಲ್ಪ ಮೇಲಿನವರೆಗೆ ಮಾತ್ರ ಶೂನ್ಯ ಬಿಲ್ಲು. ಮೀರಿದ್ದಕ್ಕೆ ದುಡ್ಡು, ಒಟ್ಟು 200 ದಾಟಿದರೆ ಪೂರ್ತಿ ಬಿಲ್ಲು. ಫ್ರೇಮಿಗೆ ಮಿತಿ ಹಾಕುವ ಸೆಟ್ಟಿಂಗು ಡ್ರೈವರಿನಲ್ಲೇ ಇದೆ, ಕಾರ್ಡಿನ ಹಸಿವು ಅದರಿಂದ ಎಷ್ಟೋ ಇಳಿಯುತ್ತದೆ.

ಕೊನೆಗೆ ಮಣಿಪಾಲದ ಮೇ ತಿಂಗಳು. ಕೋರ್ಸು ಮುಗಿಸಿದ ಹುಡುಗರು ದೆಹಲಿಗೋ ಹೈದರಾಬಾದಿಗೋ ಡಬ್ಬಿ ಹೊತ್ತೊಯ್ಯಲಾರದೆ ಮಾನಿಟರು, ಕಾರ್ಡು ಮಾರುತ್ತಾರೆ. ಬಜೆಟ್ ಪಿಸಿಗೆ ಇದಕ್ಕಿಂತ ಒಳ್ಳೆಯ ಸಂತೆ ನಮ್ಮಲ್ಲಿಲ್ಲ, ಆದರೂ ಪಟ್ಟಿಗಳು 'ಹೊಸದನ್ನೇ ಕೊಳ್ಳಿ' ಎಂದು ಮೂಗು ಮುರಿಯುತ್ತವೆ. ಕ್ರಿಪ್ಟೊ ನಾಣ್ಯ ಎಥೀರಿಯಂ 2022ರ ಸೆಪ್ಟೆಂಬರಿನಲ್ಲಿ ಗಣಿಗಾರಿಕೆ ಕೈಬಿಟ್ಟ ಮೇಲೆ ಮಾರುಕಟ್ಟೆಗೆ ಹರಿದ ದಣಿದ ಕಾರ್ಡುಗಳ ಭಯ ಪಟ್ಟಿ ಬರೆದವರಿಗೆ. ಅಂಥವು ಈಗಲೂ ಸಿಗುತ್ತವೆ, ನಿಜ. ಆದರೆ ಹಾಸ್ಟೆಲಿನಲ್ಲಿ ಮಾರುವವನ ಯಂತ್ರದಲ್ಲೇ ಅರ್ಧ ಗಂಟೆ ಭಾರದ ಆಟ ಓಡಿಸಿ, ಬಿಸಿ ಎಷ್ಟೇರಿತು, ಫ್ಯಾನು ಕರಕರ ಎನ್ನುತ್ತದೆಯೇ ನೋಡಿ, ಸೀರಿಯಲ್ ನಂಬರಿನಿಂದ ವಾರಂಟಿ ಎಷ್ಟುಳಿದಿದೆ ಎಂದು ಹುಡುಕಿ, ಮೂಲ ಬಿಲ್ಲು ಕೇಳಿ ಪಡೆದುಕೊಂಡರೆ ಆ ಭಯದ ಮುಕ್ಕಾಲು ಪಾಲು ಇಲ್ಲವಾಗುತ್ತದೆ. ಎಸ್‌ಎಂಪಿಎಸ್ ಒಂದನ್ನು ಮಾತ್ರ ಹಳೆಯದು ಕೊಳ್ಳುವುದು ಬೇಡ. ಆಗಸ್ಟಿನಲ್ಲಿ ಹೊಸ ಬ್ಯಾಚು ಬಂದಿಳಿದ ಮೇಲೆ ಅದೇ ಕಾರ್ಡನ್ನು ಕೇಳಿದರೆ ಬೆಲೆ ಬೇರೆ.