ಸಾಕ್ಷಿ ಹೇಳುವವಳ ದೇವರು

ದೇವರ ಮಾತು ಬಂದ ಕೂಡಲೇ ನಮ್ಮ ದಲಿತ ವಿಮರ್ಶೆಗೆ ಅವಸರ ಶುರುವಾಗುತ್ತದೆ. ಗುಡಿಯ ದೇವರಾದರೆ ಪುರೋಹಿತಶಾಹಿ ಅಂತೇವೆ. ಮಾರಮ್ಮ, ಮಂಟೇಸ್ವಾಮಿಯಾದರೆ ಪ್ರತಿಸಂಸ್ಕೃತಿ ಅಂತ ಸಂಭ್ರಮಪಡುತ್ತೇವೆ. 1956ರಲ್ಲಿ ಬಾಬಾಸಾಹೇಬರು ನಾಗಪುರದಲ್ಲಿ ಧಮ್ಮ ಸ್ವೀಕರಿಸಿದ್ದನ್ನು ರಾಜಕೀಯ ಕ್ರಿಯೆ ಅಂತ ಸರಿಯಾಗಿಯೇ ಓದುತ್ತೇವೆ. ಆದರೆ ಕೇರಿಯ ಹೆಣ್ಣುಮಗಳೊಬ್ಬಳು ‘ಯೇಸು ನನ್ನನ್ನು ಪ್ರೀತಿಸಿದ, ನಾನು ಯಾರು ಅಂತ ಆವತ್ತು ನನಗೆ ಗೊತ್ತಾಯಿತು’ ಅಂದರೆ ಅದನ್ನು ಓದುವ ಕ್ರಮವೇ ನಮ್ಮಲ್ಲಿಲ್ಲ. ಸಂಪ್ರದಾಯಸ್ಥರು ‘ಗಂಜಿಗಾಗಿ ಜಾತಿ ಬಿಟ್ಟವಳು’ ಅನ್ನುತ್ತಾರೆ. ನಾವು ಸ್ವಲ್ಪ ನಾಜೂಕಾಗಿ ‘ಮಿಷನರಿ ಯಜಮಾನಿಕೆಗೆ ಒಳಗಾದವಳು’ ಅನ್ನುತ್ತೇವೆ. ಎರಡರ ಅರ್ಥವೂ ಒಂದೇ: ಅವಳಿಗೆ ಸ್ವಂತ ಬುದ್ಧಿ ಇರಲಿಲ್ಲ. ನಾನೂ ಒಂದು ಕಾಲಕ್ಕೆ ಹೀಗೆ ಬರೆದವನೇ. ಆದ್ದರಿಂದ ಇದು ಬೇರೆಯವರ ಮೇಲಿನ ದೂರಲ್ಲ.

ಕನ್ನಡದ ಚರ್ಚುಗಳಲ್ಲಿ ‘ಸಾಕ್ಷಿ ಹೇಳುವುದು’ ಎಂಬ ರೂಢಿ ಇದೆ. ಸಭೆಯ ನಡುವೆ ಎದ್ದು ನಿಂತು, ತಾನು ಏನಾಗಿದ್ದೆ, ದೇವರ ಪ್ರೀತಿ ತನ್ನನ್ನು ಹೇಗೆ ಮುಟ್ಟಿತು ಅಂತ ಹೇಳುವುದು. ‘ಮುಟ್ಟಿತು’ ಎಂಬ ಪದವನ್ನು ಸ್ವಲ್ಪ ನಿಂತು ಕೇಳಬೇಕು. ಊರು ಮುಟ್ಟಿಸಿಕೊಳ್ಳದವರ ಬಾಯಲ್ಲಿ ಅದು ಅಲಂಕಾರವಲ್ಲ. ಸುವಾರ್ತೆಯಲ್ಲಿ ಯೇಸು ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿ ವಾಸಿಮಾಡುತ್ತಾನೆ. ಮೇಲುಜಾತಿಯ ಓದುಗನಿಗೆ ಅಲ್ಲಿ ವಾಸಿಯಾದದ್ದು ಪವಾಡ. ಕೇರಿಯ ಓದುಗಳಿಗೆ ಮುಟ್ಟಿದ್ದೇ ಪವಾಡ. ಇನ್ನೊಂದು ಮಾತು. ಜಾತಿ ನಮಗೆ ‘ನಾನು’ ಎಂಬುದನ್ನು ಕೊಡುವುದಿಲ್ಲ, ‘ಆ ಜನ’, ‘ಕೇರಿಯವರು’ ಎಂಬುದನ್ನಷ್ಟೇ ಕೊಡುತ್ತದೆ. ಒಬ್ಬೊಬ್ಬರನ್ನೇ ಕರೆಯುವಾಗಲೂ ಗೌಡನ ಬಾಯಿಂದ ಬರುವುದು ‘ಏನ್ಲಾ’, ‘ಬಾರ್ಲೇ’. ದೇವರೂ ಏಕವಚನದಲ್ಲೇ ಕರೆಯುತ್ತಾನೆ, ನಿಜ. ಆದರೆ ಆ ಏಕವಚನಕ್ಕೆ ತಿರುಗಿ ಏಕವಚನದಲ್ಲೇ ಉತ್ತರ ಕೊಡಬಹುದು. ಗೌಡನಿಗೆ ಕೊಟ್ಟು ನೋಡಿ, ಗೊತ್ತಾಗುತ್ತದೆ.

ಹೀಗೆ ಹುಟ್ಟಿದ ‘ನಾನು’ ಚರ್ಚಿನ ಒಳಗೆ ಹೋದ ಮೇಲೆ ಏನಾಗುತ್ತದೆ ಎಂಬುದು ನಿಜವಾದ ಪ್ರಶ್ನೆ. ಗಲಾತ್ಯದವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ಪೌಲ, ಕ್ರಿಸ್ತನಲ್ಲಿ ದಾಸ-ಸ್ವತಂತ್ರ ಎಂಬ ಭೇದ ಉಳಿಯುವುದಿಲ್ಲ ಅನ್ನುತ್ತಾನೆ. ಬಹಳ ದೊಡ್ಡ ಮಾತು. ಆದರೆ ಈ ಮಾತನ್ನು ಚರ್ಚಿನ ಮೇಲುಜಾತಿಯವರು ಬಳಸಿಕೊಂಡ ರೀತಿಯೇ ಬೇರೆ: ‘ಇಲ್ಲಿ ಜಾತಿಯಿಲ್ಲ, ಆದ್ದರಿಂದ ಜಾತಿಯ ಮಾತೆತ್ತಬೇಡ.’ ಭೇದ ಹೋಗಲಿಲ್ಲ, ಭೇದದ ಹೆಸರು ಹೇಳುವ ಹಕ್ಕು ಹೋಯಿತು. ಅಂಬೇಡ್ಕರ್ ಇದನ್ನು ಮೊದಲೇ ಕಂಡಿದ್ದರು. ಕ್ರೈಸ್ತರಾದ ಅಸ್ಪೃಶ್ಯರ ಬಗ್ಗೆ ಅವರು ಬರೆದದ್ದು 1989ರಲ್ಲಿ ಮಹಾರಾಷ್ಟ್ರ ಸರ್ಕಾರ ಪ್ರಕಟಿಸಿದ ಬರಹ-ಭಾಷಣಗಳ 5ನೇ ಸಂಪುಟದಲ್ಲಿದೆ. ಅವರ ವಾದದ ತಿರುಳು ಇಷ್ಟು: ಹಿಂದುವಾಗಿದ್ದಾಗ ನಿನ್ನ ಪಾಡಿಗೆ ನಿನ್ನ ಕರ್ಮ ಕಾರಣ ಅಂದರು, ಕ್ರೈಸ್ತನಾದ ಮೇಲೆ ಮೂಲಪುರುಷನ ಪಾಪ ಕಾರಣ ಅಂದರು, ಎರಡು ಕಡೆಯೂ ತಪ್ಪಿಸಿಕೊಂಡದ್ದು ಆ ಪಾಡು ತಂದಿಟ್ಟ ಸಮಾಜ. ಈ ಟೀಕೆಯನ್ನು ದಾಟದೆ ದೇವರ ಪ್ರೀತಿಯ ಬಗ್ಗೆ ದಲಿತರು ಮಾತಾಡುವ ಹಾಗಿಲ್ಲ.

ದಾಟಿದವರು ಇದ್ದಾರೆ. 1992ರಲ್ಲಿ ತಮಿಳಿನಲ್ಲಿ ಬಂದ ಬಾಮಾ ಅವರ ‘ಕರುಕ್ಕು’ ಅಂಥ ಪುಸ್ತಕ. ಕರುಕ್ಕು ಅಂದರೆ ಎರಡೂ ಅಂಚಿಗೆ ಗರಗಸದ ಹಲ್ಲಿರುವ ತಾಳೆಮಟ್ಟೆ. ದೇವರ ವಾಕ್ಯವನ್ನು ಇಬ್ಬಾಯಿ ಕತ್ತಿಗೆ ಹೋಲಿಸುವ ಇಬ್ರಿಯರ ಪತ್ರದ ಮಾತನ್ನು ಬಾಮಾ ತಮ್ಮ ಮುನ್ನುಡಿಯಲ್ಲೇ ಇದಕ್ಕೆ ಜೋಡಿಸುತ್ತಾರೆ. ಅವರದು ಕ್ರೈಸ್ತ ಪರೆಯರ ಕೇರಿ. ಚರ್ಚು, ಶಾಲೆ ಎಲ್ಲ ಇರುವುದು ಮೇಲುಜಾತಿಯ ಬೀದಿಗಳಲ್ಲಿ. ಹಿರಿಯನೊಬ್ಬ ತಿಂಡಿಯ ಪೊಟ್ಟಣವನ್ನು ಮುಟ್ಟದೆ ದಾರದಲ್ಲಿ ತೂಗಾಡಿಸಿಕೊಂಡು ನಾಯ್ಕರ್ ಹತ್ತಿರ ಒಯ್ಯುವುದನ್ನು ಕಂಡು ಚಿಕ್ಕ ಹುಡುಗಿ ನಗುತ್ತಾಳೆ. ಅದು ಮೈಲಿಗೆಯ ದಾರ ಅಂತ ಅಣ್ಣ ಹೇಳಿದ ಮೇಲೆ ನಗು ನಿಲ್ಲುತ್ತದೆ. ಓದಿ ಟೀಚರಾದ ಅವಳು ಬಡ ಮಕ್ಕಳಿಗೆ ಏನಾದರೂ ಮಾಡಬೇಕೆಂದು ಕನ್ಯಾಸ್ತ್ರೀಯಾಗುತ್ತಾಳೆ. ಕೆಲವು ಸಂಸ್ಥೆಗಳು ಹರಿಜನ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ ಎಂಬ ಮಾತು ತರಬೇತಿಯ ಕಾಲದಲ್ಲೇ ಕಿವಿಗೆ ಬೀಳುತ್ತದೆ. ಬಡತನದ ವ್ರತ ತೊಟ್ಟವರು ಉಳ್ಳವರ ಮಕ್ಕಳಿಗೆ ಪಾಠ ಹೇಳುವುದನ್ನು ನೋಡುತ್ತಾಳೆ. ಕೊನೆಗೆ ಬಿಟ್ಟು ಬರುತ್ತಾಳೆ.

ಇಲ್ಲಿ ನಮ್ಮ ವಿಮರ್ಶೆ ಎಡವುತ್ತದೆ. ‘ನೋಡಿ, ಧರ್ಮದ ಭ್ರಮೆ ಹರಿಯಿತು’ ಅಂತ ಚಪ್ಪಾಳೆ ತಟ್ಟುತ್ತೇವೆ. ಬಾಮಾ ಹಾಗೆ ಬರೆದಿಲ್ಲ. ವಿಧೇಯತೆ, ತಾಳ್ಮೆ ಕಲಿಸಿದವರು, ದೇವರು ತುಳಿತಕ್ಕೊಳಗಾದವರ ಪಕ್ಷ, ಅವನು ಅನ್ಯಾಯದ ಮೇಲೆ ಸಿಟ್ಟಾಗುವವನು ಎಂಬುದನ್ನು ಮಾತ್ರ ಕಲಿಸಲಿಲ್ಲ ಎಂಬುದು ಅವರ ಆರೋಪ. ಅಂದರೆ ಅವರು ಕಾನ್ವೆಂಟು ಬಿಟ್ಟದ್ದು ದೇವರ ಪ್ರೀತಿ ಸುಳ್ಳು ಅಂತ ಅಲ್ಲ. ಅದನ್ನು ಅಲ್ಲಿದ್ದವರಿಗಿಂತ ಹೆಚ್ಚು ನಿಜ ಅಂತ ನಂಬಿದ್ದರಿಂದ. ಆ ಪ್ರೀತಿಯೇ ಅವರ ಕೈಗೆ ಅಳತೆಗೋಲಾಯಿತು. ಪುಸ್ತಕದ ಭಾಷೆಯೂ ಅದಕ್ಕೆ ತಕ್ಕಂತಿದೆ. ಪೂಜೆಯ ತಮಿಳು ಬಿಟ್ಟು ಕೇರಿಯ ತಮಿಳಿನಲ್ಲೇ ಸಾಕ್ಷಿ ಹೇಳಿದ್ದಾರೆ. ದೇವರ ಮಗಳಾಗಲು ಕೇರಿಯ ನಾಲಿಗೆಯನ್ನು ಒಪ್ಪಿಸಬೇಕಾಗಿಲ್ಲ ಎಂಬ ನಿಲುವು ಅದು.

ಸಾಕ್ಷಿ ಎಂಬುದು ಕೋರ್ಟಿನ ಪದವೂ ಹೌದು. ಮದರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬುವರಿಗೆ, ಪರಿಶಿಷ್ಟ ಜಾತಿಯ ಚಮ್ಮಾರರಿಗೆ ಸರ್ಕಾರ ಪುಕ್ಕಟೆ ಕೊಡುತ್ತಿದ್ದ ಗೂಡಂಗಡಿ ಸಿಗಲಿಲ್ಲ. ಕಾರಣ, ಅವರು ಕ್ರೈಸ್ತರಾದ ಆದಿದ್ರಾವಿಡರು. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಸೂಸೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1985ರಲ್ಲಿ, ಮತಾಂತರದ ನಂತರವೂ ಜಾತಿ ಮುಂದುವರಿಯುತ್ತದೆ ಅಂದರೆ ಸಾಲದು, ಅದರ ದಬ್ಬಾಳಿಕೆ ಅಷ್ಟೇ ತೀವ್ರವಾಗಿ ಉಳಿದಿದೆ ಅಂತ ತೋರಿಸಬೇಕು ಎಂದಿತು. ಚರ್ಚು ‘ನಿನಗೆ ಜಾತಿ ಇಲ್ಲ, ಸುಮ್ಮನಿರು’ ಅಂದರೆ, ಕಾನೂನು ‘ಇದ್ದರೆ ಪುರಾವೆ ತಾ’ ಅನ್ನುತ್ತದೆ. ಹೊಲಿಯುವ ಉಳಿ, ಚರ್ಮ, ರಸ್ತೆಬದಿ ಯಾವುದೂ ಬದಲಾಗಿರಲಿಲ್ಲ. ಬದಲಾದದ್ದು ಪ್ರಾರ್ಥನೆ ಮಾತ್ರ.

ಈ ಇಕ್ಕಟ್ಟಿನಲ್ಲಿ ಒಂದು ದಾರಿ ಹೊರಗೆ ಹೋಗುವುದು. ತಿರುವಾಂಕೂರಿನ ಪೊಯ್ಕಯಿಲ್ ಯೋಹನ್ನಾನ್ (1879–1939) ಒಂದಾದ ಮೇಲೊಂದು ಸಭೆ ಸೇರಿ, ಎಲ್ಲೆಲ್ಲೂ ಜಾತಿಯನ್ನೇ ಕಂಡು, ಹೊರಬಂದು ‘ಪ್ರತ್ಯಕ್ಷ ರಕ್ಷಾ ದೈವ ಸಭಾ’ ಕಟ್ಟಿದರು. ತಮ್ಮ ಕುಲದ ಕಥೆ ಯಾವ ಗ್ರಂಥದಲ್ಲೂ ಬರೆದಿಲ್ಲವಲ್ಲ ಎಂಬುದು ಅವರ ಹಾಡುಗಳ ಸಂಕಟ. ಇನ್ನೊಂದು ದಾರಿ ಗ್ರಂಥವನ್ನೇ ತಿರುವಿ ಓದುವುದು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಶೂದ್ರ ದೇವತಾಶಾಸ್ತ್ರದ ಅಗತ್ಯದ ಬಗ್ಗೆ ಮಾತಾಡಿದ ಅರವಿಂದ್ ನಿರ್ಮಲ್, ಮುಂದೆ ದಲಿತ ದೇವತಾಶಾಸ್ತ್ರಕ್ಕೆ ಆಧಾರವಾಗಿ ಧರ್ಮೋಪದೇಶಕಾಂಡದ 26ನೇ ಅಧ್ಯಾಯವನ್ನು ಹಿಡಿದರು. ಅಲ್ಲಿ ಮೊದಲ ಬೆಳೆ ತಂದವನು ದೇವರ ಮುಂದೆ ನಿಂತು ಮೊದಲಿಗೆ ಹೇಳಬೇಕಾದದ್ದು ತನ್ನ ಹಿರೀಕನ ಅಲೆದಾಟವನ್ನು, ಐಗುಪ್ತದ ಜೀತವನ್ನು. ದೇವರು ಅದನ್ನು ಮರೆತು ಬಾ ಅನ್ನುವುದಿಲ್ಲ, ನೆನಪಿಸಿಕೊಂಡು ಬಾ ಅನ್ನುತ್ತಾನೆ. ನಮ್ಮ ಹಿರೀಕರಿಗೆ ಆ ಅಲೆಮಾರಿಯಷ್ಟು ಸ್ವಾತಂತ್ರ್ಯವೂ ಇರಲಿಲ್ಲ ಎಂಬುದನ್ನು ನಿರ್ಮಲ್ ಅದಕ್ಕೆ ಸೇರಿಸಿದರು.

ನನ್ನ ತಿಳಿವಳಿಕೆಯಲ್ಲಿ ಅಂಬೇಡ್ಕರರ ಟೀಕೆಗೆ ನಂಬಿಕೆಯ ಒಳಗಿಂದ ಕೊಡಬಹುದಾದ ಉತ್ತರ ಇದೊಂದೇ. ಪಾಪವನ್ನು ಜೀತಗಾರನ ಮೈಯಲ್ಲಿ ಹುಡುಕದೆ ಜೀತಕ್ಕಿಟ್ಟುಕೊಂಡವನ ಮನೆಯಲ್ಲಿ ಹುಡುಕುವ ಪ್ರೀತಿ ಮಾತ್ರ ಪ್ರೀತಿ. ಗಲಾತ್ಯದ ಮಾತು ತಲುಪಬೇಕಾದ ಊರು. ಧರ್ಮೋಪದೇಶಕಾಂಡದ ಮಾತು ಹೊರಡಬೇಕಾದ ಕೇರಿ. ಕೇರಿಯಿಂದ ಹೊರಡದೆ ಊರು ಸೇರಿದೆವು ಅನ್ನುವವರ ‘ನಾನು’ ಸಾಲದ ಅಂಗಿ.

ಹಾಗಾದರೆ ವಿಮರ್ಶೆಯ ಕೆಲಸವೇನು? ನಂಬುವುದಲ್ಲ. ಸಾಕ್ಷಿಗಳೆಲ್ಲ ಬಿಡುಗಡೆಯವೂ ಅಲ್ಲ. ಕಣ್ಣೀರು ಸುರಿಸಿ, ಗೌಡನ ಹಟ್ಟಿಯ ಕೂಲಿಗೆ ಮತ್ತೆ ತಲೆಬಗ್ಗಿಸಿ ಹೋಗುವಂತೆ ಮಾಡುವವೂ ಇವೆ. ಆದ್ದರಿಂದ ಪ್ರತಿ ಸಾಕ್ಷಿಗೂ ಒಂದೇ ಪ್ರಶ್ನೆ ಹಾಕೋಣ: ಈ ಪ್ರೀತಿ ಇವಳ ಹೆಸರನ್ನು ಮುಚ್ಚಿಸಿತೋ, ಹೇಳಿಸಿತೋ? ಹೇಳಿಸಿದ್ದರೆ ಅದನ್ನು ದಲಿತ ಸಾಹಿತ್ಯ ಅಂತ ಓದೋಣ, ಕನ್ನಡದಲ್ಲೂ ಹುಡುಕೋಣ. ಬೀದರಿನಿಂದ ಕೋಲಾರದ ಚಿನ್ನದ ಗಣಿಯವರೆಗೆ ದಲಿತ ಕ್ರೈಸ್ತರ ಕೇರಿಗಳಿವೆ. ನಮ್ಮ ಆತ್ಮಕಥನಗಳ ಚರ್ಚೆಯಲ್ಲಿ ಅವು ಕಾಣುವುದೇ ಅಪರೂಪ. ಗುಡಿಯ ಬಾಗಿಲಲ್ಲಿ ಒಮ್ಮೆ, ಚರ್ಚಿನ ಹಿಂದಿನ ಬೆಂಚಿನಲ್ಲಿ ಒಮ್ಮೆ ನಿಂತವಳನ್ನು ನಮ್ಮ ವಿಮರ್ಶೆಯ ಹೊಸ್ತಿಲಲ್ಲಿ ಮೂರನೇ ಸಲ ನಿಲ್ಲಿಸುವುದು ಬೇಡ.